ಟಾವಿ ನಿಶ್ಚಯವಾದ ಮೇಲೆ ರಕ್ತನಾಳದಲ್ಲೂ ಬ್ಲಾಕ್ ಕಂಡರೆ: ಸ್ಟೆಂಟೋ, ಮಾತ್ರೆಯೋ, ಬೈಪಾಸೋ?

ಮನೆಯ ಹಿರಿಯರಿಗೆ ಮಹಾಪಧಮನಿಯ ವಾಲ್ವ್ ಕಿರಿದಾಗಿದೆ. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸೋಣ, ಅಂದರೆ ಟಾವಿ ಮಾಡೋಣ, ಎಂದು ಡಾಕ್ಟರು ಹೇಳಿದ್ದಾರೆ. ಮನೆಯವರೂ ಹೂಂ ಎಂದಿದ್ದಾರೆ. ಅಷ್ಟರಲ್ಲಿ ಆಂಜಿಯೋಗ್ರಾಂ ರಿಪೋರ್ಟು ಬರುತ್ತದೆ: ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ಎಂಬ ನಾಳದಲ್ಲಿ 70% ಬ್ಲಾಕ್, ಬಲಗಡೆಯ ನಾಳದಲ್ಲಿ 60%. ಅಲ್ಲಿಂದ ಗೊಂದಲ ಶುರು. ಹುಬ್ಬಳ್ಳಿಯ ಡಾಕ್ಟರು ಮೊದಲು ಸ್ಟೆಂಟ್ ಹಾಕಿಬಿಡೋಣ ಅನ್ನುತ್ತಾರೆ. ಬೆಂಗಳೂರಿನವರು ಅದನ್ನೇನೂ ಮುಟ್ಟುವುದು ಬೇಡ, ವಾಲ್ವ್ ಸಾಕು ಅನ್ನುತ್ತಾರೆ. ಬೈಪಾಸ್ ಮಾಡಿಸಿಕೊಂಡು ಹತ್ತು ವರ್ಷ ಗಟ್ಟಿಯಾಗಿರುವ ಬೀಗರು, "ಎದಿ ತಗದು ಎರಡೂ ಒಮ್ಮೆ ಮಾಡಿಸಿಬಿಡ್ರಿ, ಕೆಲಸ ಮುಗೀತದ" ಎಂದು ಫೋನಿನಲ್ಲೇ ತೀರ್ಪು ಕೊಡುತ್ತಾರೆ.

ಮೂವರ ಮಾತಿನಲ್ಲೂ ಹುರುಳಿದೆ. ಮೂರೂ ಬೇರೆ ಬೇರೆ ರೋಗಿಗೆ ಸರಿಯಾದ ಉತ್ತರಗಳು, ಅಷ್ಟೇ. ಗದಗ, ಹಾವೇರಿ, ಧಾರವಾಡದ ಕಡೆಯಿಂದ ಫೈಲು ಹಿಡಿದು ಊರೂರು ಅಲೆಯುವ ಮನೆಯವರು ತಮ್ಮ ರೋಗಿ ಇದರಲ್ಲಿ ಯಾವ ಗುಂಪಿಗೆ ಸೇರುತ್ತಾರೆ ಎಂದು ಅರಿತು ಡಾಕ್ಟರ ಎದುರು ಕೂರಲಿ ಎಂಬುದಕ್ಕೆ ಈ ಬರಹ. ಡಾಕ್ಟರ ಮಾತಿಗೆ ಇದು ಬದಲಿ ಅಲ್ಲ.

ಈ ಜೋಡಿ ಕಾಯಿಲೆ ಅಪರೂಪದ್ದಲ್ಲ. ಟಾವಿ ಮಾಡಿಸಿಕೊಳ್ಳುವ ವಯಸ್ಸಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೃದಯದ ರಕ್ತನಾಳದಲ್ಲೂ ಬ್ಲಾಕ್ ಇರುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಇವೇ ವಾಲ್ವಿನ ಮೇಲೆ ಸುಣ್ಣ ಕಟ್ಟಿಸುತ್ತವೆ, ಇವೇ ನಾಳವನ್ನೂ ಕಿರಿದು ಮಾಡುತ್ತವೆ. ಹಾಗಾಗಿ ಬ್ಲಾಕ್ ಕಂಡಿತು ಅಂದಕೂಡಲೇ ಆಕಾಶ ಕಳಚಿ ಬಿದ್ದಂತೆ ಗಾಬರಿಯಾಗಬೇಕಿಲ್ಲ. ಎಷ್ಟೋ ಬ್ಲಾಕ್‌ಗಳು ವರ್ಷಗಳಿಂದ ಅಲ್ಲೇ ಇದ್ದವು; ವಾಲ್ವಿಗಾಗಿ ಹುಡುಕಿದ್ದರಿಂದ ಈಗ ಕಣ್ಣಿಗೆ ಬಿದ್ದಿವೆ.

ಎದೆನೋವು ಯಾವುದರದ್ದು?

ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ವಾಲ್ವ್ ತೀವ್ರವಾಗಿ ಕಿರಿದಾಗಿದ್ದರೆ, ರಕ್ತನಾಳ ಪೂರ್ತಿ ಸ್ವಚ್ಛವಾಗಿದ್ದರೂ ಎದೆ ಹಿಡಿಯುತ್ತದೆ, ನಾಲ್ಕು ಮೆಟ್ಟಿಲಿಗೆ ದಮ್ಮು ಬರುತ್ತದೆ, ಕಣ್ಣು ಕತ್ತಲೆ ಬಂದು ಬೀಳುವುದೂ ಉಂಟು. ಹೊಲದ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ನೀರು ಹೊರಹೋಗುವ ಪೈಪಿನ ಬಾಯಿ ಕಟ್ಟಿಕೊಂಡರೆ ಮೋಟರು ತಿಣುಕಿ ತಿಣುಕಿ ಹೆಚ್ಚು ಕರೆಂಟು ಎಳೆಯುತ್ತದೆ. ಅದಕ್ಕೆ ಕರೆಂಟು ತರುವ ವೈರು ತುಸು ತೆಳ್ಳಗಿದ್ದರೆ ಆಗ ಅದೂ ಬಿಸಿಯಾಗುತ್ತದೆ. ಪೈಪಿನ ಬಾಯಿ ತೆರೆದುಬಿಟ್ಟರೆ ಅದೇ ವೈರು ಸಾಕಾಗಬಹುದು. ವೈರು ತೀರಾ ತುಂಡಾಗುವ ಹಂತದಲ್ಲಿದ್ದರೆ ಮಾತ್ರ ಸಾಲುವುದಿಲ್ಲ. ವಾಲ್ವಿಗೂ ರಕ್ತನಾಳಕ್ಕೂ ಇರುವ ನಂಟು ಇದೇ. 60–70%ರ ಬ್ಲಾಕ್ ಇದ್ದ ಎಷ್ಟೋ ಮಂದಿಗೆ ಟಾವಿಯೊಂದರಿಂದಲೇ ಎದೆನೋವು ಇಳಿದುಬಿಡುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಎದೆನೋವು ಅಂದಕೂಡಲೇ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಡಿಸುವುದು ನಮ್ಮ ಮನೆಗಳಲ್ಲಿ ರೂಢಿ. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಇಡುವವರೂ ಇದ್ದಾರೆ. ವಾಲ್ವ್ ತೀವ್ರ ಕಿರಿದಾದವರಲ್ಲಿ ಆ ಮಾತ್ರೆಯಿಂದ ಬಿಪಿ ದಿಢೀರನೆ ಕುಸಿದು ಪ್ರಜ್ಞೆ ತಪ್ಪಬಹುದು. ಹೊಸ ವಾಲ್ವ್ ಕೂರುವ ತನಕ ಅದನ್ನು ಇಡಬಹುದೇ, ಇಟ್ಟರೆ ಎಷ್ಟು ಎಂದು ನಿಮ್ಮ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ವಾಲ್ವ್ ನಿಜಕ್ಕೂ ತೀವ್ರವಾಗಿದೆಯೇ ಎಂಬುದನ್ನು ಎಕೋ ರಿಪೋರ್ಟಿನ ಮೂರು ಅಂಕಿಗಳು ಹೇಳುತ್ತವೆ: ವಾಲ್ವಿನ ವಿಸ್ತೀರ್ಣ 1 ಚದರ ಸೆಂಟಿಮೀಟರಿಗಿಂತ ಕಡಿಮೆ, ಮೀನ್ ಗ್ರೇಡಿಯಂಟ್, ಅಂದರೆ ವಾಲ್ವಿನ ಎರಡೂ ಕಡೆಯ ಒತ್ತಡದ ಸರಾಸರಿ ವ್ಯತ್ಯಾಸ, 40 (ಎಂಎಂ ಎಚ್‌ಜಿ) ಅಥವಾ ಹೆಚ್ಚು, ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಹೆಚ್ಚು. ಹೃದಯದ ಪಂಪಿಂಗ್ ಕುಗ್ಗಿದವರಲ್ಲಿ ಗ್ರೇಡಿಯಂಟ್ ಕಡಿಮೆ ಕಾಣಬಹುದು. ಅವರದು ಬೇರೆ ಲೆಕ್ಕ.

ಪರ್ಸೆಂಟ್ ಒಂದನ್ನೇ ನೋಡಬೇಡಿ

ರಿಪೋರ್ಟಿನ ಪರ್ಸೆಂಟ್ ಅಂಕಿ ಕಂಡರೆ ನಮ್ಮ ಜನ ಪರೀಕ್ಷೆಯ ಮಾರ್ಕ್ಸ್ ಕಂಡಂತೆ ಆಡುತ್ತಾರೆ. ಆ ಅಂಕಿ ಬಹುತೇಕ ಕಣ್ಣಳತೆಯದು. ಒಬ್ಬರು 60 ಅಂದದ್ದನ್ನು ಮತ್ತೊಬ್ಬರು 75 ಅನ್ನಬಹುದು, ಇಬ್ಬರೂ ಒಳ್ಳೆಯ ಡಾಕ್ಟರೇ. ಅಂಕಿಗಿಂತ ಹೆಚ್ಚು ತೂಕ ಇರುವುದು ಬ್ಲಾಕ್ ಎಲ್ಲಿದೆ ಎಂಬುದಕ್ಕೆ. ಎಡಗಡೆಯ ಮುಖ್ಯ ನಾಳ, ಅಂದರೆ ಲೆಫ್ಟ್ ಮೇನ್, ಇಲ್ಲವೇ ಎಲ್‌ಎಡಿಯ ಬುಡ ಕಟ್ಟಿದ್ದರೆ ಹೃದಯದ ದೊಡ್ಡ ಪಾಲು ಮಾಂಸ ಅದನ್ನೇ ನಂಬಿಕೊಂಡಿರುತ್ತದೆ. ಸಣ್ಣ ಕವಲಿನ ತುದಿಯಲ್ಲಿ 80% ಇದ್ದರೂ ಅಷ್ಟು ಆತಂಕವಿಲ್ಲ. ನಾಳದ ಅಗಲವೂ ಮುಖ್ಯ. ಎರಡೂವರೆ ಮಿಲಿಮೀಟರಿಗಿಂತ ತೆಳುವಾದ ನಾಳಕ್ಕೆ ಸ್ಟೆಂಟ್ ಹಾಕಿ ಸಿಗುವ ಲಾಭ ಕಡಿಮೆ.

ನಡುವಿನ ಬ್ಲಾಕ್‌ಗಳಿಗೆ, ಸುಮಾರು 50ರಿಂದ 90%ರ ಒಳಗಿನವಕ್ಕೆ, ಅಳತೆ ಮಾಡುವ ಉಪಾಯವಿದೆ. ತಂತಿಯೊಂದನ್ನು ಬ್ಲಾಕಿನ ಆಚೆ ದಾಟಿಸಿ ಎರಡೂ ಕಡೆಯ ಒತ್ತಡ ನೋಡುವುದು. ಇದಕ್ಕೆ ಎಫ್‌ಎಫ್‌ಆರ್ ಎನ್ನುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ರಕ್ತವನ್ನು ನಿಜವಾಗಿ ತಡೆಯುತ್ತಿದೆ ಎಂದು ಲೆಕ್ಕ. ಇಟಲಿಯಲ್ಲಿ 320 ಟಾವಿ ರೋಗಿಗಳ ಮೇಲೆ ನಡೆದ ಫೈಟಾವಿ ಎಂಬ ಅಧ್ಯಯನ 2025ರಲ್ಲಿ ಹೊರಬಂತು. ಕಣ್ಣಳತೆಯ ಮೇಲೆ ಸ್ಟೆಂಟ್ ನಿರ್ಧರಿಸಿದ ಗುಂಪಿನಲ್ಲಿ ಒಂದು ವರ್ಷದೊಳಗೆ ಸಾವು, ಹೃದಯಾಘಾತ, ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ ಮುಂತಾದ ತೊಂದರೆ 16% ಜನರಿಗೆ ಆಯಿತು. ಒತ್ತಡ ಅಳೆದು ನಿರ್ಧರಿಸಿದವರಲ್ಲಿ 8.5%. ಅಳೆದಾಗ ಬೇಡದ ಸ್ಟೆಂಟ್‌ಗಳು ತಪ್ಪಿದವು, ಅದೇ ದೊಡ್ಡ ಲಾಭ.

ಇದರಲ್ಲೂ ಒಂದು ತೊಡಕಿದೆ. ವಾಲ್ವ್ ಕಿರಿದಾಗಿರುವಾಗ ಹೃದಯದ ಮಾಂಸ ದಪ್ಪಗಾಗಿರುತ್ತದೆ, ರಕ್ತದ ಹರಿವು ಮೊದಲಿನಂತೆ ಹಿಗ್ಗುವುದಿಲ್ಲ. ಹಾಗಾಗಿ ಎಫ್‌ಎಫ್‌ಆರ್ ಬ್ಲಾಕನ್ನು ತುಸು ಹಗುರವಾಗಿ ತೋರಿಸಬಹುದು, ಐಎಫ್‌ಆರ್ ಎಂಬ ಇನ್ನೊಂದು ಅಳತೆ ತುಸು ಭಾರವಾಗಿ ತೋರಿಸಬಹುದು. 0.79 ಮತ್ತು 0.82ರ ನಡುವೆ ಬಂದ ಅಂಕಿಯ ಮೇಲೆ ಮನೆಯವರು ಜಗಳ ಮಾಡಬೇಕಿಲ್ಲ. ಉಳಿದ ಚಿತ್ರ ನೋಡಿ ಡಾಕ್ಟರು ತೂಗುತ್ತಾರೆ. ಆದರೆ ನಡುವಿನ ಬ್ಲಾಕಿಗೆ ಅಳತೆಯೇ ಇಲ್ಲದೆ ಸ್ಟೆಂಟ್ ಅಂದರೆ, "ಎಫ್‌ಎಫ್‌ಆರ್ ನೋಡಿದ್ರೇನ್ರಿ?" ಎಂದು ಕೇಳುವ ಹಕ್ಕು ನಿಮಗಿದೆ.

ಮೊದಲು ಸ್ಟೆಂಟ್, ಆಮೇಲೆ ವಾಲ್ವ್

ಈ ದಾರಿಗೆ ಈಗ ಗಟ್ಟಿ ಆಧಾರವಿದೆ. ಉತ್ತರ ಯುರೋಪಿನ ನೋಷನ್-3 ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದರಲ್ಲಿ 455 ರೋಗಿಗಳಿದ್ದರು, ಹೆಚ್ಚುಕಡಿಮೆ ಅರ್ಧ ಜನ 82 ದಾಟಿದವರು. ಎಫ್‌ಎಫ್‌ಆರ್ 0.80 ಅಥವಾ ಕಡಿಮೆ ಬಂದ ಬ್ಲಾಕ್, ಇಲ್ಲವೇ 90% ಅಥವಾ ಹೆಚ್ಚಿನ ಬ್ಲಾಕ್ ಇದ್ದವರನ್ನು ಮಾತ್ರ ಸೇರಿಸಿಕೊಂಡಿದ್ದರು. ಅರ್ಧ ಜನಕ್ಕೆ ಸ್ಟೆಂಟ್ ಮತ್ತು ಟಾವಿ, ಉಳಿದ ಅರ್ಧಕ್ಕೆ ಟಾವಿ ಮತ್ತು ಮಾತ್ರೆ. ಸುಮಾರು ಎರಡು ವರ್ಷ ನೋಡಿದಾಗ ಸಾವು, ಹೃದಯಾಘಾತ, ತುರ್ತಾಗಿ ಸ್ಟೆಂಟ್ ಹಾಕಬೇಕಾದ ಪ್ರಸಂಗ, ಈ ಮೂರೂ ಸೇರಿ ಸ್ಟೆಂಟ್ ಗುಂಪಿನಲ್ಲಿ 26%, ಮಾತ್ರೆಯ ಗುಂಪಿನಲ್ಲಿ 36%.

ಇಷ್ಟು ಓದಿ ನಿಲ್ಲಿಸಿದರೆ ಸ್ಟೆಂಟೇ ಗೆದ್ದಂತೆ. ಮುಂದಿನ ಸಾಲನ್ನೂ ಓದಬೇಕು. ರಕ್ತಸ್ರಾವ ಸ್ಟೆಂಟ್ ಗುಂಪಿನಲ್ಲಿ 28%, ಇನ್ನೊಂದರಲ್ಲಿ 20%. ಲಾಭದ ಹೆಚ್ಚಿನ ಪಾಲು ಬಂದದ್ದು ಹೃದಯಾಘಾತ ಮತ್ತು ತುರ್ತು ಚಿಕಿತ್ಸೆ ತಪ್ಪಿದ್ದರಿಂದ. ಸಾವಿನ ಪ್ರಮಾಣದಲ್ಲಿ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ. ಲೆಫ್ಟ್ ಮೇನ್ ಬ್ಲಾಕ್ ಇದ್ದವರನ್ನು ಆ ಅಧ್ಯಯನಕ್ಕೆ ತೆಗೆದುಕೊಂಡಿರಲೇ ಇಲ್ಲ.

ಯಾರಿಗೆ ಈ ದಾರಿ? ದೊಡ್ಡ ನಾಳದ ಬುಡದಲ್ಲಿ 90%ರ ಆಸುಪಾಸು ಬ್ಲಾಕ್ ಇರುವವರಿಗೆ, ಇತ್ತೀಚೆಗೆ ಹೃದಯಾಘಾತ ಆದವರಿಗೆ, ಕೂತಲ್ಲೇ ಎದೆನೋವು ಬರುವವರಿಗೆ. ಇವರಲ್ಲಿ ನಾನು ಹೆಚ್ಚು ತಡವರಿಸುವುದಿಲ್ಲ, ಸ್ಟೆಂಟ್ ಮೊದಲು ಆಗಲಿ ಅನ್ನುತ್ತೇನೆ. ವಾಲ್ವ್ ಕೂರಿಸುವಾಗ ಕೆಲವು ಕ್ಷಣ ಹೃದಯವನ್ನು ವೇಗವಾಗಿ ಓಡಿಸಿ ಬಿಪಿ ಇಳಿಸುತ್ತಾರೆ. ಆ ಹೊತ್ತಿನಲ್ಲಿ ಎಲ್‌ಎಡಿಯ ಬುಡ ದಾರದಷ್ಟೇ ತೆರೆದಿದ್ದರೆ ಹೃದಯ ತಡೆದುಕೊಳ್ಳುವುದು ಕಷ್ಟ.

ತೊಂದರೆ ಬೇರೆ ಕಡೆ ಇದೆ. ಸ್ಟೆಂಟ್ ಆದ ಮೇಲೆ ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಬೇಕು. ಎರಡು ಮಾತ್ರೆಯ ಮೇಲೆ ಇರುವಾಗಲೇ ತೊಡೆಯಲ್ಲಿ ದಪ್ಪ ನಳಿಕೆ ತೂರಿಸಿ ಟಾವಿ ಮಾಡಬೇಕು. ಎಂಬತ್ತರ ಅಜ್ಜಿ, ತೂಕ ನಲವತ್ತೈದು ಕಿಲೋ, ಹಿಮೋಗ್ಲೋಬಿನ್ ಒಂಬತ್ತು ಎಂದಿಟ್ಟುಕೊಳ್ಳಿ. ಅವರಿಗೆ ಬ್ಲಾಕಿಗಿಂತ ರಕ್ತಸ್ರಾವವೇ ದೊಡ್ಡ ಶತ್ರು.

ವಾಲ್ವ್ ಮಾತ್ರ, ಬ್ಲಾಕಿಗೆ ಮಾತ್ರೆ

ಏನೂ ಮಾಡದೆ ಬಿಟ್ಟರು ಎಂದು ಮನೆಯವರು ಕೊರಗುವುದು ಈ ದಾರಿಯಲ್ಲೇ ಹೆಚ್ಚು. ಬ್ರಿಟನ್, ಫ್ರಾನ್ಸ್, ಜರ್ಮನಿಯ ಆಸ್ಪತ್ರೆಗಳಲ್ಲಿ ನಡೆದ ಆಕ್ಟಿವೇಶನ್ ಅಧ್ಯಯನ 2021ರಲ್ಲಿ ಬಂತು, ರೋಗಿಗಳು 235. ಟಾವಿಗೆ ಮುಂಚೆ ಸ್ಟೆಂಟ್ ಹಾಕಿದವರಲ್ಲಿ ಒಂದು ವರ್ಷದಲ್ಲಿ ಸಾವು ಅಥವಾ ಮತ್ತೆ ಆಸ್ಪತ್ರೆ ಸೇರಿದ್ದು 41.5%, ಹಾಕದವರಲ್ಲಿ 44%. ಅಂದರೆ ಹೇಳಿಕೊಳ್ಳುವಷ್ಟು ಫರಕು ಇಲ್ಲ. ರಕ್ತಸ್ರಾವ ಮಾತ್ರ ಸ್ಟೆಂಟ್ ಹಾಕಿದವರಲ್ಲಿ ಜಾಸ್ತಿ.

ನೋಷನ್-3 ಒಂದು ಹೇಳುತ್ತದೆ, ಇದು ಇನ್ನೊಂದು ಹೇಳುತ್ತದೆ, ಯಾವುದನ್ನು ನಂಬೋಣ? ಎರಡನ್ನೂ ನಂಬಬಹುದು. ಆಕ್ಟಿವೇಶನ್‌ನಲ್ಲಿ ಬ್ಲಾಕನ್ನು ಆರಿಸಿದ್ದು 70% ದಾಟಿದೆ ಎಂಬ ಚಿತ್ರ ನೋಡಿ, ಮತ್ತು ಅಲ್ಲಿನ ರೋಗಿಗಳಿಗೆ ಎದೆನೋವು ಅಷ್ಟಕ್ಕಷ್ಟೇ. ನೋಷನ್-3ರಲ್ಲಿ ಒತ್ತಡ ಅಳೆದು, ಇಲ್ಲವೇ ತೀರಾ ಬಿಗಿಯಾದದ್ದನ್ನೇ ಆರಿಸಿದ್ದರು, ನೋಡಿದ್ದೂ ಹೆಚ್ಚು ಕಾಲ. ಬಿಗಿಯಾದ ಬ್ಲಾಕ್ ತೆರೆದರೆ ನಿಧಾನಕ್ಕೆ ಲಾಭ ಬರುತ್ತದೆ, ಸಡಿಲ ಬ್ಲಾಕ್ ತೆರೆದರೆ ರಕ್ತಸ್ರಾವವಷ್ಟೇ ಕೈಗೆ ಬರುತ್ತದೆ ಎಂದು ಎರಡನ್ನೂ ಕೂಡಿಸಿ ಓದಬೇಕು.

ಆದ್ದರಿಂದ ನಡುಮಟ್ಟದ ಬ್ಲಾಕ್, ಎದೆನೋವು ಇಲ್ಲ ಅಥವಾ ತುಸು ಮಾತ್ರ, ವಯಸ್ಸು ಎಂಬತ್ತರ ಮೇಲೆ, ಕಿಡ್ನಿ ದುರ್ಬಲ, ರಕ್ತಹೀನತೆ: ಇವು ಕೂಡಿಬಂದರೆ ವಾಲ್ವ್ ಮಾತ್ರ ಹಾಕಿಸಿ ಬ್ಲಾಕಿಗೆ ಮಾತ್ರೆ ಮುಂದುವರಿಸುವುದೇ ಜಾಣತನ. ಮಾತ್ರೆ ಎಂದರೆ ಕೆಳದರ್ಜೆಯ ಚಿಕಿತ್ಸೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ದಿನವೂ ತಪ್ಪದೆ, ಸಕ್ಕರೆ ಮತ್ತು ಬಿಪಿ ಹತೋಟಿಯಲ್ಲಿ, ತಂಬಾಕು ಸಂಪೂರ್ಣ ಬಂದ್. ಇವಿಷ್ಟು ನಡೆದರೆ ಅದು ಪೂರ್ಣ ಚಿಕಿತ್ಸೆಯೇ. "ಕೊಲೆಸ್ಟ್ರಾಲ್ ನಾರ್ಮಲ್ ಬಂತು" ಎಂದು ಮೂರು ತಿಂಗಳಿಗೆ ಸ್ಟಾಟಿನ್ ಬಿಟ್ಟವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ.

ವಾಲ್ವ್ ಮೊದಲು, ಸ್ಟೆಂಟ್ ಆಮೇಲೆ

ಟಾವಿ ಆಗಲಿ, ಹೃದಯದ ಹೊರೆ ಇಳಿಯಲಿ, ಆಮೇಲೂ ಎದೆನೋವು ಉಳಿದರೆ ಆಗ ಬ್ಲಾಕನ್ನು ನೋಡೋಣ. ಕೇಳಲು ಇದು ಬಲು ಹಿತವಾದ ಮಾತು, ಹಲವರಿಗೆ ಸರಿಯೂ ಹೌದು. ರೆವಾಸ್ಕ್-ಟಾವಿ ಎಂಬ ಹಲವು ದೇಶಗಳ ದಾಖಲೆಯಲ್ಲಿ ಟಾವಿಯ ನಂತರ ಸ್ಟೆಂಟ್ ಹಾಕಿಸಿಕೊಂಡವರು ಎರಡು ವರ್ಷದ ಮಟ್ಟಿಗೆ ಉಳಿದವರಿಗಿಂತ ಚೆನ್ನಾಗಿದ್ದರು. ಆದರೆ ಅದು ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅಲ್ಲ. ಟಾವಿಯನ್ನು ಸುಗಮವಾಗಿ ದಾಟಿದವರೇ ಆಮೇಲೆ ಸ್ಟೆಂಟಿಗೆ ಬಂದಿರುತ್ತಾರೆ, ಹಾಗಾಗಿ ಅದನ್ನೇ ವೇದವಾಕ್ಯ ಮಾಡಿಕೊಳ್ಳಲಾಗದು.

ಈ ದಾರಿಯ ನಿಜವಾದ ಪ್ರಶ್ನೆ: ಹೊಸ ವಾಲ್ವ್ ಕೂತ ಮೇಲೆ ರಕ್ತನಾಳದ ಬಾಯಿಗೆ ಮತ್ತೆ ತಲುಪಲಾಗುತ್ತದೆಯೇ? ಹೃದಯದ ನಾಳಗಳ ಬಾಯಿ ಇರುವುದು ಮಹಾಪಧಮನಿಯ ವಾಲ್ವಿನ ನೆತ್ತಿಯ ಮೇಲೆಯೇ. ಟಾವಿ ವಾಲ್ವ್ ಒಂದು ಲೋಹದ ಬಲೆಯೊಳಗೆ ಕೂತಿರುತ್ತದೆ. ಬಲೂನಿನಿಂದ ಅರಳಿಸುವ ವಾಲ್ವ್‌ಗಳ ಬಲೆ ಗಿಡ್ಡ; ಅಮೆರಿಕದ ಸೇಪಿಯನ್, ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ ಈ ಜಾತಿಯವು. ಎವೊಲ್ಯೂಟ್‌ನಂಥ ತಾನೇ ಅರಳುವ ವಾಲ್ವ್‌ಗಳ ಬಲೆ ಎತ್ತರ, ನಾಳದ ಬಾಯಿಯನ್ನು ದಾಟಿ ಮೇಲೆ ಹೋಗುತ್ತದೆ. ಆಗ ತಂತಿಯನ್ನು ಬಲೆಯ ಕಣ್ಣಿನೊಳಗೆ ತೂರಿಸಿ ನಾಳ ಹಿಡಿಯಬೇಕು. ಕೈ ಪಳಗಿದವರಿಗೂ ಇದು ಹೊತ್ತು ಹಿಡಿಯುವ ಕೆಲಸ, ಕೆಲವೊಮ್ಮೆ ಆಗುವುದೇ ಇಲ್ಲ. ವಾಲ್ವಿನ ಕಂಬಗಳು ನಾಳದ ಬಾಯಿಗೆ ಅಡ್ಡ ಬಾರದಂತೆ ತಿರುಗಿಸಿ ಕೂರಿಸುವ ವಿಧಾನ ಈಗ ಬಂದಿದೆ, ಅದರಿಂದ ತೊಡಕು ಕಡಿಮೆಯಾಗಿದೆ.

ಎತ್ತರದ ಬಲೆ ಕೆಟ್ಟದ್ದು ಎಂದು ಇದನ್ನು ಓದಿಕೊಳ್ಳಬೇಡಿ. ವಾಲ್ವ್ ಕೂರುವ ಜಾಗ ಚಿಕ್ಕದಾಗಿರುವವರಲ್ಲಿ, ನಮ್ಮ ಕಡೆಯ ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಇದು ಮಾಮೂಲು, ಅಂಥ ವಾಲ್ವ್‌ಗಳಲ್ಲಿ ರಕ್ತ ಸಲೀಸಾಗಿ ಹರಿಯುತ್ತದೆ. ಆದರೆ ಬ್ಲಾಕ್ ಉಳಿಸಿಕೊಂಡು ವಾಲ್ವ್ ಹಾಕಿಸುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಬೇಕು.

ರೋಣ, ಶಿರಹಟ್ಟಿ, ಹಾನಗಲ್, ಹಿರೇಕೆರೂರಿನ ಕಡೆಯವರಿಗೆ ಈ ವಿಷಯದ ತೂಕ ಬೆಂಗಳೂರಿನವರಿಗಿಂತ ಹೆಚ್ಚು, ಮತ್ತು ಇದನ್ನು ಯಾವ ವಿದೇಶಿ ಮಾರ್ಗಸೂಚಿಯೂ ನಿಮಗಾಗಿ ಬರೆದಿಲ್ಲ. ಟಾವಿ ಬೆಂಗಳೂರಿನಲ್ಲಿ ಆಯಿತು, ಬ್ಲಾಕ್ ಆಮೇಲೆ ನೋಡೋಣ ಎಂದರು. ಎಂಟು ತಿಂಗಳಿಗೆ ರಾತ್ರಿ ಎರಡು ಗಂಟೆಗೆ ಹೃದಯಾಘಾತ ಆದರೆ ನೀವು ಬೆಂಗಳೂರಿಗೆ ಹೋಗುವುದಿಲ್ಲ. ಹತ್ತಿರದ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಓಡುತ್ತೀರಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುವ ಏರ್ಪಾಡು ಬಂದಿರುವುದು ದೊಡ್ಡ ಆಸರೆ. ಆದರೆ ಆ ರಾತ್ರಿ ಕ್ಯಾಥ್‌ಲ್ಯಾಬಿನಲ್ಲಿ, ಅಂದರೆ ಸ್ಟೆಂಟ್ ಹಾಕುವ ಕೋಣೆಯಲ್ಲಿ, ಇರುವ ಡಾಕ್ಟರು ದಿನಕ್ಕೆ ನಾಲ್ಕು ಆಂಜಿಯೋಪ್ಲಾಸ್ಟಿ ಮಾಡುವವರಾದರೂ ಎತ್ತರದ ಬಲೆಯೊಳಗಿಂದ ನಾಳ ಹಿಡಿದ ಅನುಭವ ಅವರಿಗೆ ಇರಲೇಬೇಕೆಂದಿಲ್ಲ. ನನ್ನ ಲೆಕ್ಕದಲ್ಲಿ, ಮನೆ ಕ್ಯಾಥ್‌ಲ್ಯಾಬಿಗೆ ದೂರ ಇದ್ದಷ್ಟೂ ಬುಡದ ಬಿಗಿ ಬ್ಲಾಕನ್ನು ಟಾವಿಗೆ ಮುಂಚೆಯೇ ಮುಗಿಸಿಕೊಳ್ಳುವ ಕಡೆಗೆ ತಕ್ಕಡಿ ವಾಲಬೇಕು. ಬ್ಲಾಕ್ ಉಳಿಸಿಕೊಳ್ಳುವುದೇ ಆದರೆ ಯಾವ ಕಂಪನಿಯ, ಯಾವ ಅಳತೆಯ ವಾಲ್ವ್ ಎಂಬ ಕಾರ್ಡು ರೋಗಿಯ ಅಂಗಿಯ ಕಿಸೆಯಲ್ಲಿರಬೇಕು, ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಬೇಕು.

ಎರಡೂ ಒಂದೇ ದಿನ?

"ಅಜ್ಜಾಗ ಪದೇ ಪದೇ ತ್ರಾಸ ಕೊಡೂದ್ಯಾಕ, ಎರಡೂ ಒಮ್ಮೆ ಮಾಡಿಬಿಟ್ರ ಆಗೂದಿಲ್ಲೇನ್ರಿ?" ಎಂದು ಕೇಳದ ಮನೆಯಿಲ್ಲ. ಆಗುತ್ತದೆ, ಮಾಡುತ್ತಾರೆ. ಸರಳವಾದ ಒಂದು ಬ್ಲಾಕ್, ಚೆನ್ನಾಗಿರುವ ಕಿಡ್ನಿ ಇದ್ದರೆ ಒಂದೇ ಸಲ ಆಸ್ಪತ್ರೆ ಸೇರಿ ಮುಗಿಸಬಹುದು. ಅಡ್ಡಿ ಬರುವುದು ಕಿಡ್ನಿಗೆ ಹೊರೆಯಾಗುವ ಬಣ್ಣದ ಔಷಧಿ, ಅಂದರೆ ಕಾಂಟ್ರಾಸ್ಟ್. ಸಿಟಿ ಸ್ಕ್ಯಾನಿಗೆ ಒಂದಿಷ್ಟು, ಸ್ಟೆಂಟಿಗೆ ಒಂದಿಷ್ಟು, ವಾಲ್ವಿಗೆ ಒಂದಿಷ್ಟು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮೊದಲೇ ಏರಿದ್ದರೆ ನಡುವೆ ದಿನಗಳ ಅಂತರ ಬೇಕು. ಸುಣ್ಣ ತುಂಬಿದ ಗಟ್ಟಿ ಬ್ಲಾಕ್ ಆದರೆ ಸ್ಟೆಂಟಿಗೇ ಎರಡು ತಾಸು ಹಿಡಿಯಬಹುದು. ಅದೇ ದಿನ ಟಾವಿ ಬೇಡ.

ಎದೆ ತೆರೆದು ವಾಲ್ವ್ ಮತ್ತು ಬೈಪಾಸ್

ಬೀಗರ ಮಾತನ್ನು ತೀರಾ ತಳ್ಳಿಹಾಕಬೇಡಿ. ಫ್ರಾನ್ಸಿನ ರೂಆನ್‌ನಲ್ಲಿ ಅಲೇನ್ ಕ್ರಿಬಿಯೇ ಮೊದಲ ಟಾವಿ ಮಾಡಿದ್ದು 2002ರ ಏಪ್ರಿಲ್‌ನಲ್ಲಿ. ಅದಕ್ಕೂ ದಶಕಗಳ ಮೊದಲಿನಿಂದ ಸರ್ಜನ್‌ಗಳು ವಾಲ್ವ್ ಮತ್ತು ಬೈಪಾಸನ್ನು ಒಟ್ಟಿಗೆ ಮಾಡುತ್ತ ಬಂದಿದ್ದಾರೆ. ವಯಸ್ಸು 65ರ ಒಳಗಿದ್ದರೆ, ಮೂರೂ ನಾಳದಲ್ಲಿ ತೊಡಕಿನ ಬ್ಲಾಕ್ ಇದ್ದರೆ, ಸಕ್ಕರೆ ಕಾಯಿಲೆಯೂ ಇದ್ದರೆ, ಲೆಫ್ಟ್ ಮೇನ್ ಕವಲೊಡೆಯುವಲ್ಲಿ ಕಟ್ಟಿದ್ದರೆ, ಇನ್ನೊಂದು ವಾಲ್ವೂ ಕೆಟ್ಟಿದ್ದರೆ ಸರ್ಜರಿಯ ಮಾತು ಮೊದಲು ಬರಬೇಕು. ಚಿಕ್ಕಂದಿನ ಕೀಲುಜ್ವರದಿಂದ ವಾಲ್ವ್ ಕೆಟ್ಟವರು ನಮ್ಮ ಕಡೆ ಬಹಳ. ಅವರಲ್ಲಿ ಮೈಟ್ರಲ್ ವಾಲ್ವೂ ಕೆಟ್ಟಿರುವುದು ಸಾಮಾನ್ಯ. ಮೇಲೆ ಹೇಳಿದ ಅಧ್ಯಯನಗಳು ಅವರ ಕುರಿತವಲ್ಲ, ವಯಸ್ಸಾಗಿ ಸುಣ್ಣಗಟ್ಟಿದ ವಾಲ್ವಿನವರ ಕುರಿತವು.

70 ದಾಟಿದವರಲ್ಲಿ ಗಾಳಿ ಈಗ ಟಾವಿಯ ಕಡೆ ಬೀಸುತ್ತಿದೆ. 2025ರ ಯುರೋಪಿನ ಮಾರ್ಗಸೂಚಿ ಟಾವಿಗೆ ವಯಸ್ಸಿನ ಗೆರೆಯನ್ನು 75ರಿಂದ 70ಕ್ಕೆ ಇಳಿಸಿತು. ಅಮೆರಿಕದ 2020ರ ಮಾರ್ಗಸೂಚಿಯಲ್ಲಿ 65ರಿಂದ 80ರವರೆಗೆ ರೋಗಿ, ಡಾಕ್ಟರು ಕೂಡಿ ಮಾತಾಡಿ ನಿರ್ಧರಿಸಬೇಕೆಂದಿದೆ. 70 ದಾಟಿದ 172 ರೋಗಿಗಳ ಟಿಸಿಡಬ್ಲ್ಯೂ ಅಧ್ಯಯನ 2024ರಲ್ಲಿ ಪ್ರಕಟವಾದಾಗ ಎಲ್ಲರೂ ಹುಬ್ಬೇರಿಸಿದರು. ಎಫ್‌ಎಫ್‌ಆರ್ ನೋಡಿ ಸ್ಟೆಂಟ್ ಹಾಕಿ ಟಾವಿ ಮಾಡಿದ ಗುಂಪಿನಲ್ಲಿ ಒಂದು ವರ್ಷದ ದೊಡ್ಡ ತೊಂದರೆಗಳು 4%, ವಾಲ್ವ್ ಮತ್ತು ಬೈಪಾಸ್ ಸರ್ಜರಿ ಮಾಡಿದ ಗುಂಪಿನಲ್ಲಿ 23%. ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಚಿಕ್ಕ ಅಧ್ಯಯನ, ಬೇಗ ನಿಂತದ್ದು, ಸರ್ಜರಿ ಗುಂಪಿನ ಸಾವುಗಳು ಎಂದಿನದಕ್ಕಿಂತ ಹೆಚ್ಚು. ಇದೊಂದನ್ನೇ ಹಿಡಿದು 68ರ ಗಟ್ಟಿಮುಟ್ಟಾದ ರೈತನಿಗೆ ಸರ್ಜರಿ ಬೇಡ ಅನ್ನಲಾಗದು. ಎಪ್ಪತ್ತೆಂಟರ ಸೊರಗಿದ ಜೀವಕ್ಕೆ ಮಾತ್ರ ಇದು ಸಮಾಧಾನದ ಸುದ್ದಿ.

ರಕ್ತ ತೆಳುವಾಗಿಸುವ ಮಾತ್ರೆಗಳ ಲೆಕ್ಕ

ಆಯ್ಕೆ ಯಾವುದೇ ಇರಲಿ, ಮನೆಗೆ ಬಂದ ಮೇಲೆ ದಿನವೂ ಎದುರಾಗುವುದು ಈ ಮಾತ್ರೆಗಳು. ಸ್ಟೆಂಟ್ ಇಲ್ಲದ, ಟಾವಿ ಮಾತ್ರ ಆದವರಿಗೆ ಆಸ್ಪಿರಿನ್ ಒಂದೇ ಸಾಕು. 2020ರ ಪಾಪ್ಯುಲರ್ ಟಾವಿ ಅಧ್ಯಯನದಲ್ಲಿ ಆಸ್ಪಿರಿನ್ ಮಾತ್ರ ತೆಗೆದುಕೊಂಡವರಲ್ಲಿ ರಕ್ತಸ್ರಾವ 15.1%, ಜೊತೆಗೆ ಕ್ಲೋಪಿಡೋಗ್ರೆಲ್ ಸೇರಿಸಿದವರಲ್ಲಿ 26.6%. ಹೊಸದಾಗಿ ಸ್ಟೆಂಟ್ ಆದವರಿಗೆ ಮಾತ್ರ ಎರಡೂ ಬೇಕು; ಸಾಮಾನ್ಯವಾಗಿ ಆರು ತಿಂಗಳು, ರಕ್ತಸ್ರಾವದ ಭಯ ಹೆಚ್ಚಿದ್ದರೆ ಒಂದರಿಂದ ಮೂರು ತಿಂಗಳು. ನಾಡಿ ಅಡ್ಡಾದಿಡ್ಡಿ ಬಡಿಯುವ ಎಟ್ರಿಯಲ್ ಫಿಬ್ರಿಲೇಶನ್ ಇದ್ದು ಅದಕ್ಕೆ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ನಡೆಯುತ್ತಿದ್ದರೆ, ಸ್ಟೆಂಟ್ ಆದ ಮೊದಲ ಕೆಲವು ದಿನ ಬಿಟ್ಟರೆ ಮೂರನ್ನೂ ಒಟ್ಟಿಗೆ ನುಂಗುವುದು ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ಕ್ಲೋಪಿಡೋಗ್ರೆಲ್ ಯಾವ ತಾರೀಕಿಗೆ ನಿಲ್ಲಬೇಕು ಎಂದು ಬರೆಸಿಕೊಳ್ಳಿ. ಬರೆಯದಿದ್ದರೆ ಊರಿನ ಮೆಡಿಕಲ್ ಅಂಗಡಿಯವರು ಹಳೇ ಚೀಟಿ ನೋಡಿ ವರ್ಷಗಟ್ಟಲೆ ಕೊಡುತ್ತಲೇ ಇರುತ್ತಾರೆ, ಮಂಡಿನೋವಿನ ಮಾತ್ರೆ ಅದರ ಮೇಲೆ ಸೇರಿತೆಂದರೆ ಹೊಟ್ಟೆಯಲ್ಲಿ ರಕ್ತ.

ದುಡ್ಡು, ದಾರಿ, ಸಿಡಿ

ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಮಿತಿ ಹಾಕಿತು. ಔಷಧಿ ಲೇಪಿತ ಸ್ಟೆಂಟಿಗೆ ಅಂದು 29,600 ರೂಪಾಯಿ, ಆಮೇಲೆ ಏರಿದೆ. ಟಾವಿಯ ಖರ್ಚು ಹತ್ತು ಲಕ್ಷ ದಾಟುವುದು ಸಾಮಾನ್ಯ, ಅದರಲ್ಲಿ ದೊಡ್ಡ ಪಾಲು ವಾಲ್ವಿನದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ ಇದೆ; ಸ್ಟೆಂಟಿಗೆ, ಸರ್ಜರಿಗೆ ಅದು ಆಸರೆ, ಟಾವಿಯ ಪೂರ್ತಿ ಬಿಲ್ಲು ಅದರೊಳಗೆ ಕೂರುವುದಿಲ್ಲ. ಸ್ಟೆಂಟಿಗಾಗಿ ಈ ವರ್ಷದ ಮಿತಿಯಲ್ಲಿ ಎಷ್ಟು ಹೋಗುತ್ತದೆ, ಉಳಿದದ್ದು ಏನಕ್ಕೆ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಹೊಲ ಅಡವಿಡುವ ಮುಂಚೆ ಕೇಳಬೇಕಾದ ಇನ್ನೊಂದು ಮಾತು: ಇದೇ ರೋಗಿಗೆ ಸರ್ಜರಿ ಮಾಡಿದರೆ ಅಪಾಯ ಎಷ್ಟು? ಅಪಾಯ ಕಡಿಮೆ ಇದ್ದು ವಯಸ್ಸೂ ಕಡಿಮೆ ಇದ್ದರೆ, ಸಾಲ ಮಾಡಿ ಟಾವಿ ಮಾಡಿಸುವುದು ಒಳ್ಳೆಯ ಆಯ್ಕೆ ಆಗಲಿಕ್ಕಿಲ್ಲ.

ಆಂಜಿಯೋಗ್ರಾಂ, ಸ್ಟೆಂಟ್ ಹುಬ್ಬಳ್ಳಿ–ಧಾರವಾಡದಲ್ಲಿ ಈಗ ನಿತ್ಯದ ಕೆಲಸ. ಟಾವಿಗೆ ಮಾತ್ರ ಹಲವರು ಬೆಳಗಾವಿ, ಬೆಂಗಳೂರಿನ ಕಡೆ ನೋಡುತ್ತಾರೆ. ಎಲ್ಲೇ ಹೋಗಲಿ, ಆ ತಂಡ ವರ್ಷಕ್ಕೆ ಎಷ್ಟು ಟಾವಿ ಮಾಡುತ್ತದೆ ಎಂದು ಸಂಕೋಚ ಬಿಟ್ಟು ಕೇಳಿ. ಎರಡು ಊರಿನ ನಡುವೆ ಕೆಲಸ ಹಂಚಿಹೋದಾಗ ಕೆಡುವುದು ಮಾತುಕತೆ. ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕುವ ಮುಂಚೆ, ಟಾವಿ ಮಾಡಲಿರುವ ಡಾಕ್ಟರು ಆಂಜಿಯೋಗ್ರಾಂ ನೋಡಿರಲಿ. ಕಾಗದದ ರಿಪೋರ್ಟು ಸಾಲದು, ಸಿಡಿ ಬೇಕು. ಓಡುವ ಚಿತ್ರ ನೋಡದೆ ಯಾರೂ ನಿರ್ಧಾರ ಹೇಳಲಾರರು. ಧಾರವಾಡ–ಬೆಂಗಳೂರು ವಂದೇ ಭಾರತ್ ಹತ್ತಿದ ಮೇಲೆ ಸಿಡಿ ಮನೆಯಲ್ಲೇ ಉಳಿದದ್ದು ನೆನಪಾಗಿ ಪೇಚಾಡಿದವರಿದ್ದಾರೆ.

ಸಿಟಿಯ ವಿಷಯದಲ್ಲೂ ಇದೇ. ಟಾವಿಗೆ ಬೇಕಾದ ಸಿಟಿ ಮಾಮೂಲಿ ಎದೆಯ ಸಿಟಿ ಅಲ್ಲ. ಇಸಿಜಿ ಜೊತೆ ಹೊಂದಿಸಿ ಹೃದಯದಿಂದ ತೊಡೆಯ ನಾಳದವರೆಗೆ ತೆಗೆಯಬೇಕು. ಅದರಲ್ಲೇ ಹೃದಯದ ನಾಳಗಳೂ ಕಾಣುತ್ತವೆ. ಬುಡದ ನಾಳಗಳು ಸ್ವಚ್ಛ ಎಂದು ಅದರಲ್ಲಿ ಖಚಿತವಾದರೆ ಕೆಲವರಿಗೆ ಬೇರೆ ಆಂಜಿಯೋಗ್ರಾಂ ಬೇಕಾಗುವುದೇ ಇಲ್ಲ. ಸುಣ್ಣ ಹೆಚ್ಚಿದ್ದರೆ ಸಿಟಿ ಚಿತ್ರ ಮಸುಕಾಗುತ್ತದೆ, ಆಗ ಆಂಜಿಯೋಗ್ರಾಂ ತಪ್ಪದು. ತಪ್ಪಾಗಿ ತೆಗೆಸಿದ ಸಿಟಿಯನ್ನು ಇನ್ನೊಂದು ಊರಿನಲ್ಲಿ ಮತ್ತೆ ತೆಗೆಸಬೇಕಾದರೆ ದುಡ್ಡಿಗಿಂತ ಕಿಡ್ನಿಗೆ ಹೊಡೆತ ಹೆಚ್ಚು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಸಿಟಿಯ ಮುಂಚೆ ನಿಲ್ಲಿಸಬೇಕೇ ಎಂದು ಕ್ರಿಯಾಟಿನಿನ್ ತೋರಿಸಿ ಕೇಳಬೇಕು.

ಒಂದು ಕೆಲಸವನ್ನು ಮಾತ್ರ ಟಾವಿಗೆ ಮುಂಚೆಯೇ, ಊರಲ್ಲೇ ಮುಗಿಸಿಕೊಳ್ಳಿ: ಹಲ್ಲು ತೋರಿಸುವುದು. ಹುಳುಕು ಹಲ್ಲಿನ ಸೋಂಕು ರಕ್ತಕ್ಕಿಳಿದು ಹೊಸ ವಾಲ್ವಿಗೆ ಅಂಟಿದರೆ ಅದನ್ನು ಬಿಡಿಸುವುದು ಬಲು ಕಷ್ಟ. ಟಾವಿ ಆದ ಮೇಲೆ ಹಲ್ಲು ಕೀಳಿಸಬೇಕಾಗಿ ಬಂದರೆ ಮುಂಚಿತವಾಗಿ ಆಂಟಿಬಯೋಟಿಕ್ ಬೇಕು. ಹೊಸ ಸ್ಟೆಂಟ್ ಇದ್ದವರ ಕ್ಲೋಪಿಡೋಗ್ರೆಲನ್ನು ಹಲ್ಲಿನ ಡಾಕ್ಟರು ನಿಲ್ಲಿಸಿ ಅಂದರೂ, ಹೃದಯದ ಡಾಕ್ಟರಿಗೆ ಫೋನು ಮಾಡದೆ ಒಂದು ದಿನವೂ ನಿಲ್ಲಿಸಕೂಡದು.